ವಾಲ್‌ಕ್ಲೇರ್ ಮನೆಯವರ ಮದುವೆ

ನಾನು ಓದಿದ್ದು ನಾಲ್ಕನೇ ಕ್ಲಾಸು. ಅದರಲ್ಲೂ ಕಾಫಿ ಕುಯ್ಯುವ ತಿಂಗಳುಗಳಲ್ಲಿ ಶಾಲೆಗೆ ಕಳಿಸುತ್ತಿರಲಿಲ್ಲ. ಅಂಥ ನನ್ನನ್ನು ಈ ವಯಸ್ಸಿನಲ್ಲಿ ಫ್ರೆಂಚ್ ಸರದಾರರಿಗೆ ಹೆಸರಿಡಲು ಕೂರಿಸಿದವಳು ನನ್ನ ಮೊಮ್ಮಗಳು.

ಡಿಗ್ರಿ ಮುಗಿಸಿ ಮನೆಗೆ ಬಂದವಳು ಅಪ್ಪನ ಹತ್ತಿರ ಒಂದು ವರ್ಷದ ಬಿಡುವು ಕೇಳಿಕೊಂಡಿದ್ದಳು. ಮೊಬೈಲಿನಲ್ಲಿ ಕಥೆ ಓದುವ ಒಂದು ಜಾಗ ಉಂಟಂತೆ. ಅಲ್ಲಿ ವಾರಕ್ಕೊಂದು ಅಧ್ಯಾಯ ಹಾಕಬೇಕು, ನಲವತ್ತಕ್ಕೆ ಕಥೆ ಮುಗಿಸಬೇಕು. ಸ್ಪರ್ಧೆಯಲ್ಲಿ ಆರಿಸಿದ ಕಥೆಯನ್ನು ಪುಸ್ತಕ ಮಾಡುತ್ತಾರಂತೆ. ಪುಸ್ತಕವಾದರೆ ಅವಳು ಬರೆದುಕೊಂಡಿರಬಹುದು, ಆಗದಿದ್ದರೆ ಬಾಯಿ ಮುಚ್ಚಿಕೊಂಡು ಬಿ.ಎಡ್.ಗೆ ಸೇರಬೇಕು. ಇದು ನನ್ನ ಮಗ ಹಾಕಿದ ಷರತ್ತು. ಅವಳು ಒಪ್ಪಿದಳು. ನನ್ನನ್ನು ಯಾರೂ ಕೇಳಲಿಲ್ಲ, ಆದರೆ ಆ ವರ್ಷದ ಕಷ್ಟ ಪೂರಾ ಬಿದ್ದದ್ದು ನನ್ನ ತಲೆಯ ಮೇಲೆ.

ಕಥೆ ಯಾವುದೋ ರಾಜರ ಕಾಲದ್ದು. ಕೋಟೆ, ಕುದುರೆ, ಕಬ್ಬಿಣದ ಅಂಗಿ ತೊಟ್ಟ ಸರದಾರರು, ನೆಲ ಗುಡಿಸುವಷ್ಟು ಉದ್ದ ಲಂಗದ ಹೆಂಗಸರು. ಎಲ್ಲರಿಗೂ ಫ್ರಾನ್ಸಿನ ಅರಮನೆಯವರ ಹಾಗೆ ಹೆಸರು ಬೇಕು.

"ಹಾಗಾದ್ರೆ ಇದು ಫ್ರಾನ್ಸಾ?" ಎಂದು ಕೇಳಿದೆ.

"ಅಲ್ಲ ತಾಯಿ. ಇದು ಇಲ್ಲದ ದೇಶ."

ನಮ್ಮಲ್ಲಿ ಅಜ್ಜಿಯನ್ನು ತಾಯಿ ಎಂದೇ ಕರೆಯುವುದು. ಇಲ್ಲದ ದೇಶಕ್ಕೆ ಇಷ್ಟೊಂದು ಕಷ್ಟ ಯಾಕೆ ಎಂದು ಕೇಳಿದೆ.

ಅಡುಗೆಮನೆಯ ಗೋಡೆಗೆ ಪಟ್ಟಿ ಅಂಟಿಸಿದಳು. ಮನುಷ್ಯರ ಹೆಸರಾಯಿತು, ಆಮೇಲೆ ಕುದುರೆಗಳದ್ದು, ಆಮೇಲೆ ಕತ್ತಿಗಳದ್ದು. ಒಬ್ಬ ಸರದಾರನ ನಾಯಿಗೆ ನಾಲ್ಕು ಮಾತಿನ ಹೆಸರು. ನಮ್ಮ ಮನೆಯ ನಾಯಿಯನ್ನು ಇವತ್ತಿಗೂ ನಾಯಿ ಎಂದೇ ಕರೆಯುತ್ತೇವೆ, ಬರುತ್ತದೆ. ಕಥೆಯ ಮೊದಲನೇ ಪುಟದಲ್ಲೇ ಈಟಿ ತಗುಲಿ ಸಾಯುವವನೊಬ್ಬನಿದ್ದ. ಅವನಿಗೆ ಹೆಸರು ಹುಡುಕಲು ಎರಡು ದಿನ ಹಿಡಿಯಿತು.

"ಸಾಯೋನಿಗೆ ಎಂತಕ್ಕೆ ಅಷ್ಟುದ್ದ ಹೆಸರು?"

"ಸತ್ತವನಿಗೆ ಮರ್ಯಾದೆ ಬೇಡ್ವಾ?"

"ಮರ್ಯಾದೆ ಬೇಕಿದ್ರೆ ಕೊಲ್ಲಬೇಡ ಮಾರಾಯ್ತಿ."

ಅವಳ ಅಭ್ಯಾಸ ಏನೆಂದರೆ ಮೂರು ಹೆಸರು ಬರೆದುಕೊಂಡು ಬಂದು ನನ್ನ ಮುಂದೆ ಓದುವುದು. ಯಾವುದು ಚೆಂದ ಎಂದು ಕೇಳುವುದು. ನಾನು ಹೇಳದೆ ಜಾಗ ಬಿಟ್ಟು ಏಳುವುದಿಲ್ಲ. ಒಂದು ದಿನ ಬೆಳಿಗ್ಗೆ ಕಟ್ಟಿದ ಹಲ್ಲು ತೆಗೆದು ಲೋಟದಲ್ಲಿ ಹಾಕಿ ತೊಳೆಯುತ್ತಿದ್ದೆ. ಆಗ ಬಂದಳು.

"ತಾಯಿ, ಹುಡುಗಿಯ ಮನೆ ಹೆಸರು. ಮೋಂತ್‌ಸೋವ್ರಾಂ, ಬೋರ್‌ಗ್ರೀಯಾಕ್, ವಾಲ್‌ಕ್ಲೇರ್."

ಹಲ್ಲಿಲ್ಲದ ಬಾಯಲ್ಲಿ ಹೊರಡುತ್ತಿದ್ದದ್ದು ಕೊನೆಯದೊಂದೇ. ಅದನ್ನೇ ಹೇಳಿ ಅವಳನ್ನು ಕಳಿಸಿದೆ.

ಎರಡು ಮೂರು ತಿಂಗಳಾದ ಮೇಲೆ ಒಂದು ದಿನ ನೂಲ್‌ಪುಟ್ಟು, ಅಂದರೆ ಅಕ್ಕಿ ಶಾವಿಗೆ, ಒತ್ತುತ್ತಿದ್ದೆ. ಬೆಂದ ಹಿಟ್ಟು ಆರಿದರೆ ಒರಳಿನಿಂದ ಇಳಿಯುವುದಿಲ್ಲ. ಎರಡೂ ಕೈ, ಸೊಂಟ, ಉಸಿರು ಎಲ್ಲ ಅದರ ಮೇಲೆಯೇ ಇರಬೇಕು. ಆಗಲೇ ಬಂದು ಇನ್ನೊಂದು ಪಟ್ಟಿ ಓದಿದಳು. ಈ ಸಲ ಹುಡುಗನ ಮನೆ ಹೆಸರಂತೆ. ಅದು ನನ್ನ ಕಿವಿಗೆ ಬೀಳಲೇ ಇಲ್ಲ. ಅವಳು ತೊಲಗಿದರೆ ಸಾಕೆಂದು ನೆನಪಿದ್ದ ಒಂದೇ ಹೆಸರು ಹೇಳಿದೆ. ವಾಲ್‌ಕ್ಲೇರ್.

"ಅದು ಆಗಲೇ ಹುಡುಗಿಗೆ ಇಟ್ಟಾಯ್ತಲ್ಲ?"

"ಚೆಂದ ಉಂಟಲ್ಲ, ಇಬ್ಬರಿಗೂ ಇಡು. ಈಗ ಹೋಗು."

ಅವಳು ಹೋದಳು, ಇಟ್ಟೂಬಿಟ್ಟಳು. ಅಜ್ಜಿಗೆ ಅಷ್ಟು ಹಿಡಿಸಿದ ಹೆಸರು ಎಂದುಕೊಂಡಳಂತೆ. ಅವಳ ಲೆಕ್ಕದಲ್ಲಿ ಅದು ಒಂದು ಸೀಮೆಯ ಹೆಸರು. ಆ ಸೀಮೆಯವರೆಲ್ಲ ಅದನ್ನು ಹಾಕಿಕೊಳ್ಳಬಹುದು.

ಹುಡುಗಿಯ ಮನೆ ಹೆಸರು ಎರಡನೇ ಅಧ್ಯಾಯದಲ್ಲಿ ಒಂದು ಸಲ ಬಂದು ಹೋಗಿತ್ತು, ಹುಡುಗನದ್ದು ಮಧ್ಯದಲ್ಲೆಲ್ಲೋ. ಯಾರೂ ಜೋಡಿಸಿ ನೋಡಿರಲಿಲ್ಲ. ಮೂವತ್ತೊಂಬತ್ತನೇ ಅಧ್ಯಾಯದಲ್ಲಿ ಅರಮನೆಯ ಡಂಗುರದವನು ನಿಂತು ಮದುವೆ ಸಾರುತ್ತಾನೆ: ಸರ್ ಒಡ್ರಿಯೇನ್ ದ ವಾಲ್‌ಕ್ಲೇರ್‌ಗೂ ಲೇಡಿ ಇಸೋರೀನ್ ದ ವಾಲ್‌ಕ್ಲೇರ್‌ಗೂ ಮದುವೆ. ಅದನ್ನು ಮೊಬೈಲಿಗೆ ಹಾಕಿದ ಬೆಳಿಗ್ಗೆಯೇ ನಮ್ಮ ಕಡೆಯ ಬಿಟ್ಟಂಗಾಲದ ಓದುಗರೊಬ್ಬರು ಕೆಳಗೆ ಬರೆದರು: "ಇಬ್ಬರೂ ಒಂದೇ ಒಕ್ಕದವರು. ಈ ಮದುವೆಯನ್ನು ಯಾರು ಮಾಡಿಸುತ್ತಾರೆ?" ಅದರ ಕೆಳಗೆ ಹೌದು ಹೌದು ಎಂದು ಸಾಲು ಸಾಲು ಜನ.

ಒಕ್ಕ ಎಂದರೆ ಒಬ್ಬ ಮೂಲಪುರುಷನ ಮಕ್ಕಳೆಲ್ಲ ಸೇರಿದ ಮನೆತನ. ನಮ್ಮಲ್ಲಿ ಮೊದಲು ಒಕ್ಕದ ಹೆಸರು, ಆಮೇಲೆ ನಮ್ಮ ಹೆಸರು. ಒಂದೇ ಒಕ್ಕವೆಂದರೆ ಅಣ್ಣ ತಂಗಿ, ಮುಗಿಯಿತು. ಎಷ್ಟು ತಲೆಮಾರು ಕಳೆದರೂ ಮದುವೆಯ ಮಾತಿಲ್ಲ.

ಮೊಮ್ಮಗಳು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು. ನಾನು ಅಂಗಳದಲ್ಲಿ ಕರಿಮೆಣಸು ತುಳಿಯುತ್ತಿದ್ದೆ.

"ನೋಡು. ನೀನೇ ಹೇಳಿದ್ದಲ್ವಾ?"

"ಅಣ್ಣ ತಂಗಿಗೆ ಮದುವೆ ಮಾಡು ಅಂತ ನಾನು ಹೇಳಿದ್ನಾ?"

"ಇಬ್ಬರಿಗೂ ಇಡು ಅಂದಿ."

ಅಂದಿದ್ದೆ. ಅದೇ ನನಗೆ ಹೆಚ್ಚು ಸಿಟ್ಟು ಬರಿಸಿತು. ಸ್ಪರ್ಧೆಗೆ ಕೊಟ್ಟ ಮೇಲೆ ಹಿಂದಿನ ಅಧ್ಯಾಯಗಳನ್ನು ತಿದ್ದಲು ಬಿಡುವುದಿಲ್ಲವಂತೆ. ಕೊನೆಯ ಅಧ್ಯಾಯ ಭಾನುವಾರ ಸಂಜೆ ಐದರೊಳಗೆ ಹೋಗಬೇಕು. ಅವತ್ತು ಶುಕ್ರವಾರ; ಮೂವತ್ತೊಂಬತ್ತನೆಯದನ್ನು ಅವಳು ತಡಮಾಡಿ ಹಾಕಿದ್ದಳು.

ಊಟಕ್ಕೆ ಬಂದ ಮಗ ಎಲ್ಲ ಕೇಳಿಸಿಕೊಂಡು ಹೇಳಿದ, "ಫ್ರಾನ್ಸಲ್ಲಿ ಒಕ್ಕ ಎಲ್ಲಿಂದ ಬಂತು? ಹಾಗೇ ಮುಗಿಸಿ ಕಳಿಸು."

"ಓದೋದು ಫ್ರಾನ್ಸಿನವರಾ?" ಎಂದು ನಾನು ಕೇಳಿದೆ. ಅವನು ಇನ್ನಷ್ಟು ಸಾರು ಹಾಕಿಸಿಕೊಂಡ.

ಮೊಮ್ಮಗಳು ಊಟ ಬಿಟ್ಟು ಕೂತಿದ್ದಳು. ಹುಡುಗನನ್ನು ದತ್ತು ತಂದವನು ಅಂತ ಮಾಡಲಾ ಎಂದಳು. ದತ್ತು ತಂದರೆ ಆ ಮನೆಯ ಮಗನೇ ಆದ, ಇನ್ನೂ ಕೆಟ್ಟಿತು ಎಂದೆ. ಹಾಗಾದರೆ ಇಬ್ಬರೂ ಅತ್ತು ಬೇರೆಯಾದರು ಅಂತ ಮಾಡಿಬಿಡಲಾ ಎಂದಳು. ಮೂವತ್ತೊಂಬತ್ತು ವಾರ ನನ್ನ ಜೀವ ತಿಂದು ಕೊನೆಗೆ ಇಬ್ಬರೂ ಅಳುವಂತೆ ಮಾಡುವುದಕ್ಕಾ? ನನಗೆ ರೇಗಿತು. ಅವಳಿಗೂ ರೇಗಿತು. ಬಿ.ಎಡ್. ಅರ್ಜಿ ತಂದುಕೊಡಿ, ಈಗಲೇ ತುಂಬುತ್ತೇನೆ ಎಂದು ಎದ್ದುಹೋದಳು.

ಮಧ್ಯಾಹ್ನ ಪೂರಾ ಮೆಣಸಿನ ಕಡ್ಡಿ ಆರಿಸುತ್ತಾ ಯೋಚನೆ ಮಾಡಿದೆ. ಯೋಚನೆ ಮಾಡಿದ್ದು ಪ್ರೀತಿಗಲ್ಲ. ತಪ್ಪು ನನ್ನದಿತ್ತು, ಅದು ಮೈಮೇಲೆ ಜಿಗಣೆ ಕೂತ ಹಾಗೆ ಕೂತಿತ್ತು. ಆಗ ನನ್ನ ಅಕ್ಕನ ಮದುವೆ ನೆನಪಾಯಿತು. ಅವಳಿಗೆ ಬಂದ ಹುಡುಗನ ಮನೆ ಹೆಸರೂ ನಮ್ಮ ತೌರಿನ ಹೆಸರೂ ಒಂದೇ. ಆದರೆ ಅವರು ಬೇರೆ ನಾಡಿನವರು. ಹುಡುಗ ಅಕ್ಕನಿಗೆ ಒಪ್ಪಿಗೆಯಾಗಿದ್ದ, ಹೆಸರು ಕೇಳಿದ ದೊಡ್ಡವರು ಬೇಡವೆಂದಿದ್ದರು. ಕೊನೆಗೆ ನಮ್ಮ ದೊಡ್ಡಪ್ಪ ಕಾಡು ದಾಟಿ ನಡೆದುಹೋಗಿ ಅವರ ಕೈಮಡ ನೋಡಿ ಬಂದರು. ಕೈಮಡ ಎಂದರೆ ಒಕ್ಕದ ಹಿರಿಯನಿಗೆ ದೀಪ ಇಡುವ ಸಣ್ಣ ಗುಡಿ. ಅವರ ಹಿರಿಯ ಬೇರೆ, ನಮ್ಮ ಹಿರಿಯ ಬೇರೆ. ಹೆಸರು ಒಂದೇ, ಒಕ್ಕ ಎರಡು. ಮದುವೆ ಆಯಿತು. ಅಕ್ಕನಿಗೆ ಐದು ಮಕ್ಕಳು.

ಮೊಮ್ಮಗಳ ಕೋಣೆಯ ಬಾಗಿಲು ಬಡಿದು ಇದಿಷ್ಟನ್ನು ಹೇಳಿದೆ. ಮದುವೆಯ ದಿನ ಮುದುಕರು ಎದ್ದು ತಡೆಯಲಿ, ಹುಡುಗನದ್ದು ಯಾವ ಕೈಮಡ, ಹುಡುಗಿಯದ್ದು ಯಾವುದು ಎಂದು ಕೇಳಲಿ, ಜನ ಹೋಗಿ ನೋಡಿ ಬರಲಿ. ಅವಳು ಬಾಗಿಲು ತೆರೆದು ನನ್ನನ್ನು ನೋಡಿದ ರೀತಿಗೆ ನಾನು ಅಲ್ಲಿಂದ ಹೊರಡಬೇಕಿತ್ತು. ಹೊರಡಲಿಲ್ಲ, ತಪ್ಪಾಯಿತು.

"ಹಾಗಾದ್ರೆ ಎರಡು ಮೂಲಪುರುಷರಿಗೆ ಹೆಸರು ಬೇಕು" ಎಂದಳು. "ಕೂತ್ಕೋ. ಈ ಸಲ ಕಿವಿ ಕೊಟ್ಟು ಕೇಳು."

ಹಲ್ಲು ಹಾಕಿಕೊಂಡು ಕೂತೆ. ಅವಳು ಓದಿದ್ದೆಲ್ಲ ಗಜದುದ್ದ. ಬೇಡ, ಬೇಡ, ಬೇಡ.

"ಹಳಬರ ಹೆಸರು ಗಿಡ್ಡ ಇರ್ತದೆ ಕುಂಞಿ. ಉದ್ದ ಮಾಡೋದೆಲ್ಲ ಆಮೇಲೆ ತಿಂದು ಕೊಬ್ಬಿದವರು. ಕಾಡು ಕಡಿದು ಗದ್ದೆ ಮಾಡಿದವನಿಗೆ ಅಷ್ಟೆಲ್ಲ ಕರೆಯೋಕೆ ಯಾರಿಗೆ ಪುರುಸೊತ್ತು?"

ಸ್ವಲ್ಪ ಹೊತ್ತು ಪೆನ್ನು ಕಚ್ಚಿದಳು. "ಊಗ್" ಎಂದಳು.

"ಅದು ಬದುಕಿದವನ ಹೆಸರು. ಇಡು. ಇನ್ನೊಂದು?"

"ಬ್ರಿಯೋ."

ಅಂಗಳದ ಕಡೆ ತಿರುಗಿ ಎರಡನ್ನೂ ಜೋರಾಗಿ ಕರೆದು ನೋಡಿದೆ. ತೋಟದ ಆಚೆ ಬದಿಗೆ ಕೇಳಿಸುವ ಹಾಗಿದ್ದವು. ಆಯಿತು ಎಂದೆ.

ಶನಿವಾರ ಅವಳು ಕೂತಲ್ಲಿಂದ ಎದ್ದೇ ಇಲ್ಲ, ಬರೆದಳು. ಭಾನುವಾರ ಬೆಳಿಗ್ಗೆ ಕರೆಂಟು ಹೋಯಿತು, ಅದರ ಹಿಂದೆ ನೆಟ್‌ವರ್ಕೂ ಹೋಯಿತು. ಮಧ್ಯಾಹ್ನ ಮೂರಕ್ಕೆ ಮಗ ಜೀಪು ತೆಗೆದು ಅವಳನ್ನು ಮೂರ್ನಾಡು ಪೇಟೆಗೆ ಕರೆದುಕೊಂಡು ಹೋದ. ಕೋಳಿ ಅಂಗಡಿಯ ಎದುರು ನೆಟ್‌ವರ್ಕ್ ಸಿಕ್ಕಿ, ಅಲ್ಲೇ ನಿಂತು ಕಳಿಸಿದರಂತೆ.

ಮೇ ತಿಂಗಳಲ್ಲಿ ಸ್ಪರ್ಧೆಯವರ ಉತ್ತರ ಬಂತು. ಪುಸ್ತಕ ಮಾಡುತ್ತೇವೆ, ಆದರೆ ಮುದುಕರು ಮದುವೆ ತಡೆಯುವ ಹತ್ತು ಪುಟ ತೆಗೆಯಬೇಕು, ಹೆಸರು ಒಂದೇ ಆದರೆ ಏನು ತೊಂದರೆ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ ಎಂದು ಬರೆದಿದ್ದರು.

"ತೆಗೆದುಬಿಡು" ಎಂದೆ ನಾನು. "ಪುಸ್ತಕ ಆಗ್ಲಿ, ಪೀಡೆ ತೊಲಗ್ಲಿ."

"ತೆಗೆದ್ರೆ ಮದುವೆ ಹೇಗೆ ಆಗ್ತದೆ?" ಎಂದಳು. ಇದನ್ನು ನನಗೇ ಹೇಳಿಕೊಡುವಷ್ಟು ದೊಡ್ಡವಳಾಗಿದ್ದಳು. ಅಪ್ಪನೂ ತೆಗೆ ಎಂದ, ಬಿ.ಎಡ್. ಅರ್ಜಿ ಎದುರಿಗಿಟ್ಟ. ಅವಳು ತೆಗೆಯುವುದಿಲ್ಲ ಎಂದೇ ಬರೆದು ಕಳಿಸಿದಳು. ನಾಲ್ಕು ದಿನ ಮನೆಯಲ್ಲಿ ಯಾರಿಗೂ ಅನ್ನ ರುಚಿಸಲಿಲ್ಲ. ಐದನೇ ದಿನ ಅವರು ನಾಲ್ಕು ಪುಟ ಇರಲಿ ಎಂದರು. ಇವಳು ಆರು ಎಂದಳು, ಅವರು ಒಪ್ಪಿದರು.

ಅರ್ಜಿಯ ಕೊನೆಯ ದಿನ ದಾಟಿತು. ಮಗ ಅದರ ಮಾತೆತ್ತಲಿಲ್ಲ. ಆರು ಪುಟದೊಳಗೆ ಹತ್ತು ಪುಟದ ವಿಷಯ ಹಿಡಿಸಬೇಕೆಂದು ಅವಳೀಗ ದಿನವೂ ಅಡುಗೆಮನೆಗೆ ಬಂದು ಓದುತ್ತಾಳೆ. ಯಾವ ಮುದುಕನನ್ನು ಬಿಡಲಿ ಎಂದು ಕೇಳುತ್ತಾಳೆ. ನಾನು ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, ಹಲ್ಲು ಬಾಯಲ್ಲಿದೆಯೇ ನೋಡಿಕೊಂಡು, ಆಮೇಲೆ ಉತ್ತರ ಕೊಡುತ್ತೇನೆ.