ಇಂಜಿನ್ನಿನ ತುಕ್ಕು, ತಂಗಿಯ ಮದುವೆ

ಯುದ್ಧದ ಕಾಲ. ಶಿರಾದಲ್ಲಿ ನಮ್ಮ ಮಾವನವರಿಗೆ ಹಿಟ್ಟಿನ ಗಿರಣಿಯಿತ್ತು. ಅದರ ಇಂಜಿನ್ ನೋಡಿಕೊಳ್ಳುತ್ತಿದ್ದವರು ನನ್ನ ಯಜಮಾನರು. ಆ ಮಳೆಗಾಲದಲ್ಲಿ ಅವರ ಬಲಗೈ ಬೆಲ್ಟಿಗೆ ಸಿಕ್ಕಿ ಜಜ್ಜಿಹೋಯಿತು. ಗಿರಣಿ ನಿಂತಿತು. ಸೋರುವ ಸೂರಿನಡಿ ಇಂಜಿನ್ನಿಗೆ ತುಕ್ಕು ಹಿಡಿಯಿತು.

ಬರಗೂರಿನಲ್ಲಿ ನನ್ನ ತಂಗಿಯ ಮದುವೆ ಗೊತ್ತಾಗಿತ್ತು. ಮದುವೆಯಾಗಿ ಬಂದಮೇಲೆ ನಾನು ತವರಿಗೆ ಹೋಗಿರಲೇ ಇಲ್ಲ. ಕೇಳಿದ್ದಕ್ಕೆ ಮಾವ, "ಇಂಜಿನ್ ಒಂದು ಶುರುವಾಗ್ಲಿ ಕಣಮ್ಮ, ಆಮೇಲೆ ಹೋಗೀವಂತೆ," ಎಂದರು.

ಇಂಜಿನ್ನಿಗೆ ಎಣ್ಣೆ ತಳ್ಳುವ ಪಂಪನ್ನು ಮಾವನೇ ಬಿಚ್ಚಿ ತಂದರು. ಅದರೊಳಗೆ ಬೆರಳುದ್ದದ ಉಕ್ಕಿನ ಕಡ್ಡಿ, ಪ್ಲಂಜರ್. ತನ್ನ ಕೊಳವೆಯೊಳಗೆ ಕೂದಲೂ ತೂರದಷ್ಟು ಬಿಗಿಯಾಗಿ ಅದು ಆಡಬೇಕು. ಮೈಮೇಲೆಲ್ಲ ಕೆಂಪು ಹುಡಿ ಕೂತಿತ್ತು. ಹೊಸದು ಬೆಂಗಳೂರಿನಲ್ಲೂ ಸಿಗುತ್ತಿರಲಿಲ್ಲ. ವಯಸ್ಸಾದ ಅವರ ಕೈ ಇಂಥ ನಾಜೂಕು ಕೆಲಸಕ್ಕೆ ಒಗ್ಗುತ್ತಿರಲಿಲ್ಲ. ಅತ್ತೆ ಹುಣಸೆಹಣ್ಣು ತಂದರು.

"ಹುಳಿ ಉಕ್ಕನ್ನೇ ತಿಂದ್ಬುಡ್ತದೆ ಕಣವ್ವ," ಎಂದರು ಯಜಮಾನರು ಮಂಚದಿಂದಲೇ. ಆಮೇಲೆ ನನ್ನ ಕಡೆ ತಿರುಗಿ, "ಉಪ್ಪುಕಾಗದಾನೂ ಬ್ಯಾಡ. ಗೀರು ಬಿದ್ರೆ ಎಣ್ಣೆ ಸೋರ್ತದೆ. ನೀನೇ ಮಾಡು, ನಾನು ಹೇಳ್ತೀನಿ."

ದೀಪಕ್ಕೆಂದು ಇಟ್ಟಿದ್ದ ಸೀಮೆಎಣ್ಣೆಯಲ್ಲಿ ಕಡ್ಡಿಯನ್ನು ನೆನೆಹಾಕಿದೆ. ಬೆಳಿಗ್ಗೆ ಸವೆದ ಸೀರೆಯ ತುಂಡು ಸುತ್ತಿ, ಒತ್ತದೆ, ಮೆಲ್ಲಗೆ ತಿರುಗಿಸುತ್ತ ಒರೆಸಿದೆ. ಬಟ್ಟೆ ಕೆಂಪಾದಂತೆಲ್ಲ ಬೇರೆ ತುಂಡು.

"ಉಗುರು ಆಡಿಸಿ ನೋಡು. ತಡೀತದಾ?"

"ಇಲ್ಲ. ಕಲೆ ಮಾತ್ರ ಅದೆ."

"ಕಲೆ ಇರ್ಲಿ ಬುಡು. ಅದನ್ನ ತೆಗೆಯಾಕೋದ್ರೆ ಕಡ್ಡೀನೇ ಸವೀತದೆ."

ಎಣ್ಣೆ ಸವರಿ ಕೊಳವೆಗೆ ಬಿಟ್ಟೆ. ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯಿತು. ಅವರು ಎಡಗೈಯಲ್ಲಿ ತೋರಿಸಿದಂತೆ ಪಂಪು ಜೋಡಿಸಿದೆ. ಇಂಜಿನ್ ಹೊಗೆ ಉಗುಳಿ, ಕೆಮ್ಮಿ, ಓಡತೊಡಗಿತು. ನಾನು ಒಳಗೋಡಿ ಬಟ್ಟೆ ಗಂಟು ಕಟ್ಟಿದೆ.

ತಮ್ಮ ಗಾಡಿ ಕಟ್ಟಿಕೊಂಡು ಕರೆಯಲು ಬಂದ. ಮಾವ ಬಾಗಿಲಲ್ಲೇ ನಿಂತು, "ಮತ್ತೆ ತುಕ್ಕು ಹಿಡಿದ್ರೆ ನೋಡೋರ್ಯಾರಪ್ಪ? ಇವನ ಕೈ ವಾಸಿ ಆಗ್ಲಿ," ಎಂದರು.

"ಹೋಗಿ ಬರ್ಲಿ ಬುಡಪ್ಪ," ಎಂದರು ಯಜಮಾನರು.

"ನಿನ್ ಕೈಲಿ ಆಯ್ತದಾ?"

ಅವರು ಕೈಯ ಕಟ್ಟು ನೋಡಿಕೊಂಡರು.

"ಅಕ್ಕಾ, ಅವ್ವ ಕಾಯ್ತಾವ್ಳೆ," ಎಂದ ತಮ್ಮ. ತಂಗಿಗೆಂದು ತೆಗೆದಿಟ್ಟಿದ್ದ ಸೀರೆಯನ್ನು ಗಂಟಿನಿಂದ ಬಿಚ್ಚಿ ಅವನಿಗೆ ಕೊಟ್ಟೆ. ಇಂಜಿನ್ ಸದ್ದಿನಲ್ಲಿ ಗಾಡಿ ಹೋದದ್ದೂ ಕೇಳಿಸಲಿಲ್ಲ. ಮುಹೂರ್ತದ ಹೊತ್ತಿಗೆ ರಾಗಿ ಬೀಸಿಸಲು ಬಂದ ಹೆಂಗಸರ ಸಾಲು ಬೀದಿಯವರೆಗಿತ್ತು. ನಾನು ಪಂಪಿನ ಮುಂದೆ ಕೂತಿದ್ದೆ.

ಯಜಮಾನರ ಗಾಯವೇನೋ ಮಾಯಿತು, ಬೆರಳುಗಳನ್ನು ಮಾತ್ರ ಮಡಚಲು ಬರಲಿಲ್ಲ. ಪಂಪು ನನ್ನ ಪಾಲಿಗೇ ಉಳಿಯಿತು. ಕಾರ್ತಿಕದಲ್ಲಿ ತಂಗಿ ಗಂಡನ ಜೊತೆ ತಾನೇ ಬಂದಳು. ಬಟ್ಟೆಯ ಮೇಲಿಟ್ಟಿದ್ದ ಪ್ಲಂಜರನ್ನು ನೋಡಿ, "ಇದ್ಕೇನಕ್ಕಾ ನೀನು ಬರ್ದೇ ಹೋಗಿದ್ದು?" ಎಂದಳು.

"ಹೂಂ, ಇದ್ಕೇ."

ಅವಳು ಅದನ್ನು ಮುಟ್ಟಲಿಲ್ಲ. ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು, ಮದುವೆಯಲ್ಲಿ ಯಾರ‍್ಯಾರು ಬಂದಿದ್ದರು, ಅವ್ವ ಎಷ್ಟು ಸಲ ದಾರಿ ನೋಡಿದಳು, ಎಲ್ಲವನ್ನೂ ಒಂದೊಂದಾಗಿ ಹೇಳುತ್ತ ಹೋದಳು.