ತಟ್ಟೆಯ ಮೇಲೆ ಎರಡು ಕೈ

ಬೆಳಿಗ್ಗೆ ಬಾಲ್ಕನಿಯ ಧೂಳು ಒರೆಸಿದೆ, ಬಸಳೆ ಬಳ್ಳಿಗೆ ನೀರು ಹಾಕಿದೆ, ಮಸ್ಕತ್ತಿನ ಸೀಬ್ ಸೂಕಿನ ಮೀನುಪೇಟೆಯಿಂದ ತಂದ ಬಂಗುಡೆ ಶುಚಿ ಮಾಡಿದೆ. ಮಸಾಲೆ ಕುದಿಯುತ್ತಿದ್ದಾಗ ನಮ್ಮವರು ಆಫೀಸಿನಿಂದ ಫೋನ್ ಮಾಡಿದರು. "ಇನ್ನೆರಡು ವರ್ಷ ಕೆಲಸದಲ್ಲಿ ಇರಿ ಅಂತಾರೆ ಮಾರಾಯ್ತಿ. ನಂಗೆ ಸಾಕು."

"ಸಾಕಂತೆ ಸಾಕು! ಸುಮ್ಮನೆ ಒಪ್ಪಿಕೊಳ್ಳಿ," ಎಂದುಬಿಟ್ಟೆ. ಫೋನಿಟ್ಟ ಮೇಲೆ ಕೈಯಲ್ಲಿದ್ದ ಸೌಟು ನೋಡಿ ಕಾರ್ಲ್ ಸಾಹೇಬರು ನೆನಪಾದರು.

ಎಂಬತ್ತರ ದಶಕದಲ್ಲಿ ನಾವು ಇಲ್ಲಿನ ಅಲ್ ಅಜೈಬಾ ಬಡಾವಣೆಯಲ್ಲಿದ್ದಾಗ ಅವರು ಕೆಳಗಿನ ಮನೆಯವರು. ಜರ್ಮನಿಯ ಯಾವುದೋ ರಾಜ್ಯದಲ್ಲಿ ಎಮ್ಮೆಲ್ಲೆ ಆಗಿದ್ದವರು. ತಮ್ಮ ಊರಿನ ಚರಂಡಿ ಸರಿಮಾಡಿಸಿ ಕೌನ್ಸಿಲರ್ ಆದರು, ಪಕ್ಕದೂರಿನದ್ದು ಸರಿಮಾಡಿಸಿ ಶಾಸಕರಾದರು, ಮೂರನೆಯ ಊರನ್ನು ಅಗೆದು ಹಾಗೇ ಬಿಟ್ಟದ್ದಕ್ಕೆ ಸೋತರು. ಸೋತ ಮೇಲೆ ಮಸ್ಕತ್ತಿಗೆ ಬಂದು ಕಂಪನಿಯೊಂದರಲ್ಲಿ ಚರಂಡಿಯ ಸಲಹೆಗಾರರು. ಮಳೆಯೇ ಅಪರೂಪದ ಊರಿನಲ್ಲಿ! ಕಸದ ಚೀಲ ತಾನೇ ಹೊತ್ತೊಯ್ಯುವ ಎಮ್ಮೆಲ್ಲೆಯನ್ನು ನಾನು ಕಂಡದ್ದು ಅದೇ ಮೊದಲು. ಸೋತದ್ದೂ ಅದಕ್ಕೇ ಎಂದು ನಮ್ಮವರ ತೀರ್ಮಾನ.

ಶುಕ್ರವಾರದ ಊಟ ನಮ್ಮಲ್ಲೇ. ಅವರು ಕಲಿತ ಒಂದೇ ಕನ್ನಡ ಪದ 'ಸಾಕು'. ಪಾಪ, ಅಷ್ಟು ನಿರುಪಯೋಗಿ ಪದ ಇನ್ನೊಂದಿಲ್ಲ. ನಿಮ್ಮ ಮನೆಯಲ್ಲಾದರೂ ಅತಿಥಿ ಸಾಕೆಂದರೆ ಯಾರು ಬಿಡುತ್ತಾರೆ ಹೇಳಿ?

ಒಂದು ಶುಕ್ರವಾರ ಸಾಹೇಬರು ತಮ್ಮ ಇಂಗ್ಲಿಷಿನಲ್ಲಿ, "ಪಕ್ಷದವರು ಮತ್ತೆ ಚುನಾವಣೆಗೆ ನಿಲ್ಲು ಅಂತಿದ್ದಾರೆ. ಬೇಡ ಅಂದೆ. ಇಲ್ಲಿ ಸಂಜೆ ಸಮುದ್ರ ಇದೆ, ರಾತ್ರಿ ನಿದ್ದೆ ಇದೆ," ಎಂದರು.

"ಎಂತ ಸಂಕೋಚ ಮಾರಾಯ್ರೆ ನಿಮ್ದು! ನಿಲ್ಲಿ, ನಿಲ್ಲಿ!" ಎಂದರು ನಮ್ಮವರು. ನಾನೂ ಕೋಳಿ ಗಸಿ ಬಡಿಸುತ್ತಾ, "ನಿಲ್ಲದಿದ್ರೆ ನನ್ನಾಣೆ," ಎಂದೆ. ಮುಂದಿನ ವಾರ ಊರಿನವರ ಕೂಟದಲ್ಲಿ ಶಾಲು ಹೊದಿಸಿ 'ಭಾವೀ ಶಾಸಕರು' ಎಂದು ಘೋಷಿಸಿಯೂ ಆಯಿತು. ಗಸಿಯನ್ನು ನುಂಗಿದ ಹಾಗೆಯೇ ಅವರು ಚುನಾವಣೆಯನ್ನೂ ನುಂಗಿದರು. ಹೋದರು, ನಿಂತರು, ಗೆದ್ದೂಬಿಟ್ಟರು.

ತೊಂಬತ್ತರ ದಶಕದಲ್ಲಿ ಯಾವುದೋ ನಿಯೋಗದ ಜೊತೆ ಬಂದವರು ನಮ್ಮ ಸೀಬ್ ಮನೆಗೂ ಬಂದರು. ತಲೆಯಲ್ಲಿ ಕೂದಲಿಲ್ಲ, ಕಣ್ಣಲ್ಲಿ ನಿದ್ದೆಯಿಲ್ಲ. "ಮತ್ತೆ ನಿಲ್ಲು ಅಂತಾರೆ," ಎಂದರು.

"ಸಾಕು ಅನ್ನಬಾರದಿತ್ತೇ?"

"ಅಂದೆ. ಆವಾಗ ನಿಮಗೂ ಅಂದಿದ್ದೆ."

ನನ್ನ ಸೌಟು ಅಲ್ಲೇ ನಿಂತಿತು. ನಮ್ಮವರು ಮಾತ್ರ ಗಂಭೀರವಾಗಿ, "ಬಾಯಲ್ಲಿ ಅಂದ್ರೆ ಯಾರು ಕೇಳ್ತಾರೆ? ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದು ಬಗ್ಗಿಬಿಡ್ಬೇಕು," ಎಂದು ಮಾಡಿ ತೋರಿಸಿದರು. ಸಾಹೇಬರು ಶ್ರದ್ಧೆಯಿಂದ ಅಭ್ಯಾಸ ಮಾಡಿದರು.

ತಿಂಗಳು ಕಳೆದು ಅವರ ಫೋನ್. ಪಕ್ಷದ ಹಿರಿಯರೊಡನೆ ಊಟಕ್ಕೆ ಕೂತಾಗ ಮತ್ತೆ ಅದೇ ಮಾತು ಬಂತಂತೆ. ಇವರು ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದು ಬಗ್ಗಿದರಂತೆ. "ಹೊಟ್ಟೆನೋವು ಅಂದುಕೊಂಡು ಟಿಕೆಟ್ ಬೇರೆಯವರಿಗೆ ಕೊಟ್ಟರು!" ಸಾಹೇಬರು ಅಷ್ಟು ನಕ್ಕದ್ದು ನಾವು ಕೇಳಿಯೇ ಇರಲಿಲ್ಲ.

ಇವತ್ತು ಸಂಜೆ ನಮ್ಮವರು ಆಫೀಸಿನಿಂದ ಬಂದರು. ಕೆಲಸದ ಸುದ್ದಿ ಇಬ್ಬರೂ ಎತ್ತಲಿಲ್ಲ. ಊಟದ ಮಧ್ಯೆ ಅವರು "ಸಾಕು" ಎಂದಾಗ ಸೌಟು ಹಿಂದಕ್ಕೆಳೆದುಕೊಂಡೆ.

"ಎಂತ, ಸಾರು ಮುಗೀತಾ?"

"ಸಾಕು ಅಂದ್ರಲ್ಲ?"

"ಅದು ಸುಮ್ನೆ ಅಂದದ್ದು. ಹಾಕು."

ಹಾಕಿದೆ. "ಮತ್ತೆ ಆಫೀಸಿನದ್ದು? ಅದೂ ಸುಮ್ನೆಯಾ?"

ಅವರು ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದು ಬಗ್ಗಿದರು.

"ಆಯ್ತು, ಖಲಾಸ್," ಎಂದೆ.

ಬಂಗುಡೆ ಪುಳಿಮುಂಚಿ ಸಾರು, ಕುಚ್ಚಲಕ್ಕಿ ಅನ್ನ, ಬಸಳೆಯ ಪಲ್ಯ. ಮೊದಲು ಮಲಗಿದವರು ಅವರೇ. ನಾನು ತಟ್ಟೆ ತೊಳೆದು ಮುಗಿಸುವ ಮೊದಲೇ ಗೊರಕೆ ಕೇಳಿಸಿತು.