ಹುಟ್ಟಿದ ದಿನ ಆ ಊರು ಇತ್ತೇ?

ರೌನಿ ಐಕಾಸ್ ಮೂವತ್ತೊಂದು ವರ್ಷ ಪುರಸಭೆಯ ಕಚೇರಿಯೊಂದರಲ್ಲಿ ದತ್ತಾಂಶದ ನಿಯಮಗಳನ್ನು ಬರೆದವಳು. ಹುಟ್ಟಿದ ದಿನಾಂಕ ನಾಳೆಯದಾಗಿರಬಾರದು, ಅಂಚೆ ಸಂಖ್ಯೆಯಲ್ಲಿ ಐದೇ ಅಂಕಿಗಳಿರಬೇಕು, ಇಂಥವು. ಅವಳಿಗೆ ಒಂದು ಶಿಸ್ತಿತ್ತು. ನಿಯಮವನ್ನು ಒಂದೇ ಕಡೆ, ದತ್ತಾಂಶ ಹೇಗಿರಬೇಕೆಂದು ಹೇಳುವ ಮಾದರಿಯ ಒಳಗೆ ಬರೆಯಬೇಕು. ಪರದೆಯ ಮೇಲಿನ ಅರ್ಜಿ ಅದನ್ನು ಓದಿಕೊಂಡು ಜನರಿಗೆ ಹೇಳಬೇಕು, ಅಷ್ಟೇ. ಅರ್ಜಿಯಲ್ಲೊಂದು, ಮಾದರಿಯಲ್ಲೊಂದು ನಿಯಮವಿದ್ದರೆ ಒಂದಲ್ಲ ಒಂದು ದಿನ ಎರಡೂ ಜಗಳವಾಡುತ್ತವೆ ಎನ್ನುತ್ತಿದ್ದಳು.

೨೦೧೯ರ ವಸಂತದಲ್ಲಿ ನಿವೃತ್ತಳಾದಾಗ ಅವಳು ಮೊದಲು ಮಾಡಿದ ಕೆಲಸ ನಮ್ಮ ಹಾಪಲಕ್ಸಿ ಸಂಘದ ಪ್ರಯಾಣಕ್ಕೆ ಅಂತರ್ಜಾಲದಲ್ಲಿ ಅರ್ಜಿಯ ಪುಟ ಕಟ್ಟಿಕೊಟ್ಟದ್ದು. ಹಾಪಲಕ್ಸಿ ಈಗ ಗಡಿಯಾಚೆ, ನೆರೆಯ ದೇಶದಲ್ಲಿದೆ. ನಲವತ್ತನಾಲ್ಕರಲ್ಲಿ ಯುದ್ಧದಿಂದ ಊರು ಹೋಯಿತು, ಜನ ಈಚೆ ಬಂದರು. ಎರಡು ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ ನಾವು ಬಸ್ಸು ಮಾಡಿಕೊಂಡು ಹೋಗಿ, ಕಾಡು ಬೆಳೆದ ಅಂಗಳಗಳಲ್ಲಿ ಕಾಫಿ ಕುಡಿದು, ಹೂವಿಟ್ಟು ಬರುತ್ತಿದ್ದೆವು. ಬಸ್ಸಿನ ಹೊಣೆ ನನ್ನದು. ರೌನಿ ಒಮ್ಮೆಯೂ ಬಂದಿರಲಿಲ್ಲ. ಅವಳ ತಾಯಿ ಅಲ್ಲಿಯವಳು, ಮತ್ತೆ ನೋಡದೆಯೇ ಸತ್ತಳು. ನಿವೃತ್ತಿಯಾದ ವರ್ಷ ಹೋಗುತ್ತೇನೆಂದು ರೌನಿ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಳು. ಆ ವರ್ಷ ಬಂದಿತ್ತು. ಮೊದಲ ಅರ್ಜಿ ಅವಳದೇ.

ನಲವತ್ತೆಂಟು ಸೀಟು ಹನ್ನೊಂದು ದಿನದಲ್ಲಿ ತುಂಬಿದವು. ಪಟ್ಟಿ ಹಿಡಿದುಕೊಂಡು ನನ್ನ ಮನೆಗೆ ಬಂದ ರೌನಿ ಕೋಟನ್ನೂ ಬಿಚ್ಚದೆ ನಿಂತಳು.

"ಇದರಲ್ಲಿ ಅತಿ ಹಿರಿಯರು ಹುಟ್ಟಿದ್ದು ನಲವತ್ತಾರರಲ್ಲಿ. ಅಲ್ಲೇ ಹುಟ್ಟಿದವರು ಒಬ್ಬರೂ ಇಲ್ಲ. ಏನಾಗಿದೆ?"

"ವಯಸ್ಸಾಯ್ತಲ್ಲ," ಎಂದೆ.

"ಎಲ್ಲರಿಗೂ ಒಂದೇ ವರ್ಷದಲ್ಲಿ ವಯಸ್ಸಾಯ್ತಾ?"

ಅವಳು ಅಲ್ಲಿಂದಲೇ ಎಲ್ವಿ ತುವೊಕ್ಕೊಗೆ ಫೋನ್ ಮಾಡಿದಳು. ಎಲ್ವಿಗೆ ಎಂಬತ್ತಾರು. ಅವಳು ತಪ್ಪಿಸಿಕೊಂಡ ಪ್ರಯಾಣವೇ ಇರಲಿಲ್ಲ.

"ಎಲ್ವಿ ಅಕ್ಕಾ, ಹೆಸರು ಯಾಕೆ ಕೊಡ್ಲಿಲ್ಲ?"

"ಕೊಟ್ಟೆ ಕಣೇ, ನಾಲ್ಕು ಸಲ! ಹುಟ್ಟಿದ ಊರು ಬರೆದ ತಕ್ಷಣ ಕೆಂಪಗೆ ಉರೀತು. ಅಂಥ ಊರೇ ಇಲ್ಲ ಅಂತು ನಿನ್ನ ಯಂತ್ರ. ಎಪ್ಪತ್ತೈದು ವರ್ಷದಿಂದ ಎಲ್ಲರೂ ಅದನ್ನೇ ಹೇಳ್ತಿದಾರೆ, ಹೊಸದೇನಲ್ಲ ಬಿಡು."

"ಒಂದು ಫೋನ್ ಮಾಡಬಾರದಿತ್ತಾ?"

"ಬೇಡ ಅಂದ ಮನೆ ಬಾಗಿಲು ಎರಡು ಸಲ ತಟ್ಟಬೇಡ ಅಂತಿದ್ಲು ನಮ್ಮಮ್ಮ. ನಾನು ನಾಲ್ಕು ಸಲ ತಟ್ಟಿದೆ, ನಾಚಿಕೆ ಬಿಟ್ಟು."

"ಯಾವುದಾದ್ರೂ ಈಗಿನ ಊರು ಬರೆದಿದ್ರೆ ಒಪ್ಕೋತಿತ್ತು."

"ಏನು, ನಾನು ಇನ್ನೊಮ್ಮೆ ಹುಟ್ಟಬೇಕಿತ್ತಾ?"

ರೌನಿ ಫೋನ್ ಇಟ್ಟು ಕುಳಿತಳು. ಮಾದರಿಯನ್ನು ಅವಳು ಕಚೇರಿಯಲ್ಲಿ ಬರೆದ ರೀತಿಯಲ್ಲೇ ಬರೆದಿದ್ದಳು: ಹುಟ್ಟಿದ ಊರು ಇಂದಿನ ಪುರಸಭೆಗಳ ಪಟ್ಟಿಯಲ್ಲಿರಬೇಕು. ಅರ್ಜಿ ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿತ್ತು. ಪರೀಕ್ಷಿಸುವಾಗ ಅವಳು ತುಂಬಿದ್ದು ತನ್ನದೇ ವಿವರ. ಹುಟ್ಟಿದ್ದು ಐವತ್ತೇಳರಲ್ಲಿ, ಈಚೆಯ ಇಮಾತ್ರಾದಲ್ಲಿ. ಹಸಿರು ಬಂದಿತ್ತು. ತಿರಸ್ಕೃತವಾದವು ಪರದೆಯಲ್ಲೇ ನಿಂತದ್ದರಿಂದ ಅವಳ ಕಡೆ ಒಂದು ಗುರುತೂ ಬಂದಿರಲಿಲ್ಲ. ನಮ್ಮವರು ಹರಟೆಗೆ ಹೆಸರಾದವರು, ಆದರೆ ಅರ್ಜಿ ಬೇಡವೆಂದರೆ ತುಟಿ ಹೊಲಿದುಕೊಳ್ಳುತ್ತಾರೆ. ಊರು ಬಿಟ್ಟು ಬಂದು ಬೇರೆಯವರ ಮನೆಯ ಅಟ್ಟದಲ್ಲಿ ಬೆಳೆದ ಮಕ್ಕಳ ಅಭ್ಯಾಸ ಅದು.

ಸರಿಪಡಿಸಲು ಅರ್ಧ ದಿನ ಸಾಕಾಯಿತು. ಕಳೆದುಹೋದ ಊರುಗಳನ್ನೂ ಪಟ್ಟಿಗೆ ಹಾಕಿ, ಪ್ರತಿ ಊರಿನ ಹೆಸರಿನ ಮುಂದೆ ಅದು ಇದ್ದ ವರ್ಷಗಳನ್ನು ಸೇರಿಸಿ, ಊರನ್ನು ಹುಟ್ಟಿದ ದಿನಾಂಕದ ಜೊತೆ ಹೋಲಿಸಿದಳು. ಹುಟ್ಟಿದ ದಿನ ಆ ಊರು ಇತ್ತೇ? ಇಷ್ಟೇ ಪ್ರಶ್ನೆ. ಪುಟದ ಮೇಲೆ ಅವಳು ಕೈ ಇಡಲೇ ಇಲ್ಲ, ಕೆಂಪು ತಾನಾಗಿ ಹೋಯಿತು.

ಬಸ್ಸು ಮಾತ್ರ ತುಂಬಿತ್ತು. ಅವಳು ನನ್ನ ಹಳೆಯ ಪ್ರಯಾಣಗಳ ಪಟ್ಟಿ ನೋಡಿ ಹದಿನೇಳು ಮಂದಿಗೆ ಫೋನ್ ಮಾಡಿ ಕ್ಷಮೆ ಕೇಳಿದಳು. ಹನ್ನೆರಡು ಮಂದಿ ಅಷ್ಟರಲ್ಲಿ ಬರುವ ಮನಸ್ಸನ್ನೇ ಬಿಟ್ಟಿದ್ದರು. ಐವರು ಬರುತ್ತೇವೆಂದರು. ಮೊಮ್ಮಕ್ಕಳ ಪೀಳಿಗೆಯ ನಾಲ್ವರು ಜಾಗ ಬಿಟ್ಟುಕೊಟ್ಟರು. ಇನ್ನೊಂದು ಸೀಟು ಬೇಕಿತ್ತು, ಎಲ್ವಿಗೆ.

"ನಿನ್ನ ಸೀಟು ಬಿಡಬೇಡ, ಮಾರಾಯ್ತಿ," ಎಂದೆ. "ಇನ್ಯಾರನ್ನಾದ್ರೂ ಕೇಳ್ತೀನಿ."

"ತಪ್ಪು ಮಾಡಿದ್ದು ಇನ್ಯಾರೋ ಅಲ್ಲ. ಮುಂದಿನ ವರ್ಷ ಇನ್ನೊಂದು ಬಸ್ಸು ಮಾಡು. ಆಗ ನನಗೆ ಅರವತ್ತಮೂರು, ಎಲ್ವಿಗೆ ಎಂಬತ್ತೇಳು. ಯಾರು ಕಾಯಬೇಕು ಅಂತ ನೀನೇ ಹೇಳು."

ಆಗಸ್ಟಿನ ಬೆಳಿಗ್ಗೆ ಬಸ್ಸು ಹೊರಟಾಗ ರೌನಿ ರೈ ಹಿಟ್ಟಿನ ಕಡುಬುಗಳ ಬುಟ್ಟಿಯನ್ನು ಬಾಗಿಲಲ್ಲಿ ಕೊಟ್ಟು, ನಾವು ತಿರುವು ದಾಟುವವರೆಗೂ ನಿಂತಿದ್ದಳು.

ಮರಳಿ ಬಂದ ವಾರ ಎಲ್ವಿ ನಮ್ಮಿಬ್ಬರನ್ನೂ ಕಾಫಿಗೆ ಕರೆದಳು.

"ನಿಮ್ಮಮ್ಮನ ಅಂಗಳಕ್ಕೆ ಹೋಗಿದ್ದೆ. ಮನೆ ಇಲ್ಲ, ಬರೀ ಆಲ್ಡರ್ ಪೊದೆ. ಕಲ್ಲಿನ ಮೆಟ್ಟಿಲು ಇದೆ. ನಿನ್ನ ಹೆಸರಲ್ಲಿ ಸ್ವಲ್ಪ ಹೊತ್ತು ಕೂತು ಬಂದೆ."

"ಎಷ್ಟು ಮೆಟ್ಟಿಲು?"

"ಐದು."

"ಅಮ್ಮ ಏಳು ಅಂತಿದ್ಲು."

"ಹಾಗಾದ್ರೆ ಎರಡು ಮಣ್ಣಲ್ಲಿದೆ. ನನ್ನ ಮಂಡಿ ಬಗ್ಗಲ್ಲ ಕಣೇ. ನೀನೇ ಹೋಗಿ ಕೆದಕಿ ನೋಡು."

ಮುಂದಿನ ವರ್ಷ ಸಾಂಕ್ರಾಮಿಕ ಕಾಯಿಲೆಯಿಂದ ಗಡಿ ಮುಚ್ಚಿತು. ಆಮೇಲೆ ಇನ್ನೊಂದು ಯುದ್ಧದ ಕಾರಣಕ್ಕೆ ಮುಚ್ಚಿತು, ಇನ್ನೂ ತೆರೆದಿಲ್ಲ. ಎಲ್ವಿ ತೀರಿಕೊಂಡು ಮೂರು ವರ್ಷವಾಯಿತು. ಸಂಘದ ಕಾಫಿಗೆ ಬಂದಾಗಲೆಲ್ಲ ರೌನಿ ಆ ಸಲ ಹೋದವರನ್ನು ಒಬ್ಬೊಬ್ಬರಾಗಿ ಹಿಡಿದು, ಮೆಟ್ಟಿಲು ಐದೇ ಇತ್ತಾ, ಸರಿಯಾಗಿ ನೋಡಿದ್ರಾ, ಎಂದು ಕೇಳುತ್ತಾಳೆ.